ಏಳನೆಯ ಪೆಂಟಿ

ಆರನೆಯ ಪೆಂಟಿ ಇಟ್ಟಾಗಲೂ ತಕ್ಕಡಿ ಮೇಲೇಳಲಿಲ್ಲ.

ಶೇವಂತೆವ್ವ ಕೂತ ಪರಡಿ ನೆಲ ಹಿಡಿದು ಕೂತೇ ಇತ್ತು. ಎದುರಿನ ಪರಡಿಯಲ್ಲಿ ಹತ್ತು ಹತ್ತು ಕಿಲೋದ ಆರು ಬೆಲ್ಲದ ಪೆಂಟಿಗಳು ಗೋಣಿಬಟ್ಟೆ ಹೊದ್ದುಕೊಂಡು ಗಾಳಿಯಲ್ಲಿ ತೂಗುತ್ತಿದ್ದವು. ಗುಡಿಯ ತೊಲೆಗೆ ಬಿಗಿದ ಹಗ್ಗ ಕಿರ್ ಎಂದಿತು. ಪೂಜಾರಿ ಅಮಸಿದ್ದ ಭಂಡಾರ ಹತ್ತಿದ ಹಳದಿ ಕೈಯಿಂದ ಪೆಂಟಿಗಳನ್ನು ಅತ್ತಿತ್ತ ಸರಿಸಿ ನೋಡಿದ, ಸರಪಳಿ ಜಗ್ಗಿ ನೋಡಿದ. ಆಮೇಲೆ ತಲೆ ಕೆರೆದುಕೊಂಡ.

"ಇನ್ನೊಂದ್ ಬೇಕಾತಲ್ಲವಾ ತಂಗಿ. ಹ್ವಾದ ವರ್ಸ ಏಳ ಇಟ್ಟಿದ್ದಿವಿ. ಈ ವರ್ಸಾನೂ ಏಳ."

"ಆರು ಸಾಕಂತ ಅವರ ಅಂದಿದ್ರಲ್ಲ..." ಎಂದು ಶೇವಂತೆವ್ವ ಬೇವಿನ ಗಿಡದ ಕಡೆ ನೋಡಿದಳು.

ಗಿಡದ ಕಟ್ಟೆಯ ಮೇಲೆ ಅವಳ ಗಂಡ ಸಿದ್ದರಾಯ ಕಂಬಳಿ ಹಾಸಿಕೊಂಡು, ಬೊಡ್ಡೆಗೆ ಬೆನ್ನು ಕೊಟ್ಟು ಕೂತಿದ್ದ. ಆಲಮೇಲದ ಸಂತೆಪೇಟೆಯಲ್ಲಿ ಮೀಸೆ ಮೂಡಿದಂದಿನಿಂದ ಹಮಾಲಿ ಮಾಡಿದವನು. ಚೀಲದ ಹೊಟ್ಟೆ ನೋಡಿಯೇ ಇಷ್ಟು ಕಿಲೋ ಎಂದು ಹೇಳಿಬಿಡುವ ಕಣ್ಣು ಅವನದು. ಅಡತಿಯವರು ಕಾಟಾಕ್ಕೆ ಹಚ್ಚಿದರೆ ಮುಳ್ಳು ಅವನ ಮಾತಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಆ ಕಣ್ಣಿನಿಂದಲೇ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಸಲ ಆರs ತರಸು. ಸೊಂಟ ನೋಡು, ಕಬ್ಬಿನ ಗಳ ಆಗೈತಿ" ಎಂದಿದ್ದ. ಈಗ ಅವನೂ ಕಣ್ಣು ಕಿರಿದು ಮಾಡಿ ತಕ್ಕಡಿಯನ್ನೇ ನೋಡುತ್ತಿದ್ದ.

ನೆರೆದ ಹೆಂಗಸರಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ವರ್ಸ ಪೂರ್ತಿ ಬೆಲ್ಲದ ಚಾ ಮುಟ್ಟಲಿಲ್ಲ, ಹೋಳಿಗಿ ಮುಟ್ಟಲಿಲ್ಲ. ಯಾಕ ಬಾಯಿ ಕಟ್ಟಿದೆವಾ, ಅಷ್ಟs ಐತಲ್ಲ!"

ಚಂದ್ರಾಮನ ಅಂಗಡಿಗೆ ಆಳು ಓಡಿತು. ಪೆಂಟಿ ಬರುವತನಕ ಶೇವಂತೆವ್ವ ಪರಡಿಯಿಂದ ಇಳಿಯುವಂತಿರಲಿಲ್ಲ. ಹರಕೆಗೆ ಕೂತವರು ಭಾರ ಸಮವಾಗದೆ ನೆಲಕ್ಕೆ ಕಾಲಿಡಬಾರದು. ಸರಪಳಿ ಹಿಡಿದು ತಲೆ ತಗ್ಗಿಸಿ ಕೂತಳು. ಒಳಗೆ ದೀಪದ ಬೆಳಕಿನಲ್ಲಿ ದೇವರು ಸಿದ್ಧಪ್ಪನ ಬೆಳ್ಳಿಯ ಕಣ್ಣು ಎಲ್ಲರನ್ನೂ ನೋಡುವಂತೆ ಅವಳನ್ನೂ ನೋಡುತ್ತಿತ್ತು.

ಈ ಹರಕೆ ಹೊತ್ತದ್ದು ಎರಡು ವರ್ಷದ ಹಿಂದೆ, ಕಬ್ಬಿನ ಲೋಡಿನ ಮೇಲಿಂದ ಸಿದ್ದರಾಯ ಕಾಲು ಜಾರಿ ಬಿದ್ದಾಗ. "ಜೀವ ಒಂದ್ ಉಳಸಿ ಕೊಡೋ ನನ್ನಪ್ಪಾ, ನನ್ನ ತೂಕದ ಬೆಲ್ಲ ವರ್ಷಾ ವರ್ಷಾ ನಿನ್ನ ಹುಗ್ಗಿಗೆ" ಎಂದು ಬೇಡಿಕೊಂಡಿದ್ದಳು. ಬೇಡಿದ್ದನ್ನು ದೇವರು ಅಳತೆ ತಪ್ಪದೆ ಕೊಟ್ಟ. ಜೀವ ಉಳಿಯಿತು, ಕಾಲು ಎರಡೂ ಸೋತವು. ಹಸಿವು, ನೀರಡಿಕೆ, ಹೊರಗೆ ಹೋಗಬೇಕೆನ್ನುವ ಅವಸರ ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ಎದ್ದು ಹೋಗುವುದೊಂದೇ ಕೈಲಾಗುತ್ತಿರಲಿಲ್ಲ. ಮಲಗಿದಲ್ಲೇ ಡಬ್ಬಿ ಹಿಡಿಯುತ್ತೇನೆಂದು ಅವಳು ಅಂದರೆ ಒಪ್ಪಲಿಲ್ಲ. ಇರುವುದೊಂದೇ ಪಡಸಾಲೆ, ಅದರಲ್ಲೇ ದೇವರ ಜಗಲಿ. "ದೇವರ ಮುಂದ ನಾಯಿ ಆಗಲ್ಯಾ?" ಎಂದುಬಿಟ್ಟಿದ್ದ.

ಪ್ರತಿ ಸಲವೂ ಅವನನ್ನು ಮಂಚದಿಂದ ಗಾಲಿ ಕುರ್ಚಿಗೆ ಎತ್ತಿ ಹಾಕಲು ಪಕ್ಕದ ಓಣಿಯ ಕುಸ್ತಿ ತಾಲೀಮಿನಿಂದ ಜೈನುದ್ದೀನ ಬರಬೇಕು. ಬಾಲ್ಯದಿಂದ ಜೊತೆಗೆ ಕಲ್ಲುಗುಂಡು ಎತ್ತಿದ ಗೆಳೆಯ, ಈಗ ತಾಲೀಮಿನ ವಸ್ತಾದಿ. ಕರೆದಾಗಲೆಲ್ಲ ಬರುತ್ತಿದ್ದ, ಒಮ್ಮೆಯೂ ಮುಖ ಗಂಟಿಕ್ಕಿದವನಲ್ಲ. ಆದರೆ ಊರಿನ ಚೀಲವನ್ನೆಲ್ಲ ಎತ್ತಿದವನಿಗೆ ಎತ್ತಿಸಿಕೊಳ್ಳುವುದು ಒಗ್ಗುವ ಮಾತಲ್ಲ.

ಹೋದ ವರ್ಷ ಮೊದಲ ತುಲಾಭಾರ ಮುಗಿದ ಮೇಲೆ ಒಂದು ಮಧ್ಯಾಹ್ನ ಜೈನುದ್ದೀನ ಊರಲ್ಲಿರಲಿಲ್ಲ. ಶೇವಂತೆವ್ವ ತಾನೇ ಎತ್ತಲು ಹೋದಳು. ಆಗ ಅವಳ ಮೈ ತುಂಬು ಮೈ. ಸಕ್ಕರೆ ಬ್ಯಾನಿ ಬೇರೆ, ಕೂತರೆ ಏಳಲು ನೆಲಕ್ಕೆ ಕೈ ಕೊಡಬೇಕಿತ್ತು. ಅರ್ಧಕ್ಕೆ ಎತ್ತುವಷ್ಟರಲ್ಲಿ ಮೊಣಕಾಲು ಕೈಕೊಟ್ಟವು. ಇಬ್ಬರೂ ಬಿದ್ದರು. ಅವನ ಹಣೆ ಹೊಸ್ತಿಲಿಗೆ ಬಡಿದು ಒಡೆಯಿತು. ಅವನ ಕೆಳಗೆ ಸಿಕ್ಕು, ಯಾರಾದರೂ ಬಂದಾರೆಂದು ಬಾಗಿಲು ನೋಡುತ್ತ ಮಲಗಿದ್ದಳು.

ಮರುದಿನದಿಂದ ಸಿದ್ದರಾಯ ನೀರು ಕುಡಿಯುವುದನ್ನು ಬಿಟ್ಟ.

ಪೂರ್ತಿ ಬಿಡಲಿಲ್ಲ. ಗುಳಿಗೆ ನುಂಗಲು ಒಂದು ಗುಟುಕು, ಊಟದ ಮೇಲೆ ಒಂದು ಗುಟುಕು. ಕುಡಿದರೆ ಹೋಗಬೇಕು, ಹೋಗಬೇಕಾದರೆ ಕರೆಯಬೇಕು. ತಂಬಿಗೆ ಹಿಡಿದು ನಿಂತರೆ, "ನೀರಡಿಕಿ ಇಲ್ಲ" ಎಂದು ಗೋಡೆಯ ಕಡೆ ಮುಖ ಮಾಡುತ್ತಿದ್ದ. ಬೇಸಿಗೆಯಲ್ಲಿ ತುಟಿ ಸೀಳಿದವು, ಉರಿಮೂತ್ರ ಸುರುವಾಯಿತು. ಸಿಂದಗಿಯ ಡಾಕ್ಟರು ಗದರಿದರು, "ಹಿಂಗs ನಡದ್ರ ಕಿಡ್ನಿ ಹೋಗ್ತಾವ ನೋಡಪಾ." ಅವನು ತಲೆಯಾಡಿಸಿ ಬಂದು, ತಂಬಿಗೆಯನ್ನು ಹಾಗೇ ದೂರ ಸರಿಸಿದ. ಅದೇ ಡಾಕ್ಟರು ಅವಳ ಕಾಲು ನೋಡಿ, "ಭಾರ ಇಳಸು. ಇಲ್ಲಂದ್ರ ನೀನೂ ಹಾಸಿಗಿ ಹಿಡೀತಿ" ಎಂದಿದ್ದರು.

ಭಾರ ಇಳಿಸಬೇಕು, ಕಸುವೂ ಬರಬೇಕು. ಎರಡೂ ಒಮ್ಮೆಗೇ ಹೇಗೆ? ಜೈನುದ್ದೀನನನ್ನು ಕೇಳಿದರೆ ಗಡ್ಡ ನೀವಿಕೊಂಡು ನಕ್ಕಿದ್ದ. "ವೈನಿ, ತಾಲೀಮಿನ್ಯಾಗ ಮೊದಲ ಖುರಾಕು, ಆಮ್ಯಾಲ ಕಸರತ್ತು. ಹಾಲು ತುಪ್ಪ ಹೊಟ್ಟಿಗಿ ಬೀಳದ ಕಸುವು ಎಲ್ಲಿಂದ ಬರ್ತೈತ್ರಿ? ಉಪಾಸ ಇದ್ದ ಎತ್ತು ಬಂಡಿ ಜಗ್ಗತೈತೇನು?"

ಆದರೆ ದವಾಖಾನೆಯಲ್ಲಿ ಸಿದ್ದರಾಯನ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದ ವರದಾ ಬಾಯಿ, ಇನ್ನೂ ಎಳೆಯ ಹುಡುಗಿ, ಬೇರೆ ಮಾತು ಹೇಳಿದಳು.

"ಎರಡೂ ಒಮ್ಮೆಲೇ ಆಗ್ತದ್ರೀ. ಪೈಲವಾನರಿಗೆ ಕಷ್ಟ. ಅವರ ಮೈಯೊಳಗ ಕೂಡಿಟ್ಟ ಕೊಬ್ಬೂ ಇರಂಗಿಲ್ಲ, ಭಾರ ಎತ್ತೂದೂ ಹಳೇದಾಗಿರ್ತದ. ನಿಮ್ಮ ಮೈಯೊಳಗ ಕೂಡಿಟ್ಟದ್ದು ಬೇಕಾದಷ್ಟದ, ಭಾರ ಎತ್ತೂದು ಹೊಸಾದು. ನಾಕು ರೊಟ್ಟಿ ತಿನ್ನೂದು ಎರಡು ಮಾಡ್ರಿ, ಸಕ್ಕರಿ ಬೆಲ್ಲ ಬಿಡ್ರಿ. ಬ್ಯಾಳಿ, ಮೊಸರು, ಮೊಳಕಿ ಕಾಳು, ತತ್ತಿ ಮಾತ್ರ ಬಿಡಬ್ಯಾಡ್ರಿ. ದಿನಾ ಬಿಟ್ಟು ದಿನಾ ಭಾರ ಎತ್ರಿ, ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ಕೋತ. ಸಕ್ಕರಿ ಗುಳಿಗಿ ಅವ, ಡಾಕ್ಟರಿಗೆ ತೋರಸಿಕೋತ ಇರ್ರಿ."

ಶೇವಂತೆವ್ವ ಬಹಳ ಹೊತ್ತು ವಿಚಾರ ಮಾಡಿದಳು. "ಅಂದ್ರ ಬಾಯಾರ, ಹಗೇವು ತಗದು ಅದರಾಗಿನ ಜ್ವಾಳ ಕೂಲ್ಯಾರಿಗೆ ಹಾಕಿ ಮನಿ ಕಟ್ಟಿಸಿದ್ಹಾಂಗ ಅನ್ರಿ?"

ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ವರದಾ ಅಜ್ಜಿಯ ಮನೆಯಲ್ಲಿ ಕಂಡಿದ್ದಳು. ಅವಳ ಮುಖ ಅರಳಿತು. "ಹಂಗs ನೋಡ್ರಿ! ಕೂಲಿ ಮನಿಯೊಳಗs ಅದ. ಕಲ್ಲು ಮಣ್ಣು ಅಷ್ಟs ಹೊರಗಿನಿಂದ ತರಬೇಕು. ಅದs ಈ ಬ್ಯಾಳಿ, ಮೊಸರು."

ಮಂಚದ ಮೇಲೆ ಕೂತೇ ಸಿದ್ದರಾಯ ದಬ್ಬಣದಿಂದ ಒಂದು ಗೋಣಿಚೀಲಕ್ಕೆ ಎರಡು ಕಿವಿ ಹೊಲಿದು ಕೊಟ್ಟ. ಮನೆ ಕಟ್ಟಿ ಉಳಿದ ಮಳಲು ಹಿತ್ತಲಲ್ಲಿತ್ತು. ಮೊದಲು ಎರಡು ಬುಟ್ಟಿ. ಆಮೇಲೆ ಸಿದ್ಧಪ್ಪನ ವಾರ ಬಂದಾಗಲೆಲ್ಲ ಒಂದು ಬೊಗಸೆ ಹೆಚ್ಚು. "ಬೆನ್ನು ಬಗ್ಗಿಸಬ್ಯಾಡ. ಚೀಲದ ಕಿವಿ ಹಿಡಿ, ಎದಿಗೆ ಅಪ್ಪು. ತೊಡಿಲೆ ಏಳು, ಟೊಂಕಲೆ ಅಲ್ಲ" ಎಂದು ಅವನೇ ಹೇಳಿಕೊಟ್ಟ. ಆದರೆ "ಈಗ ನಿಮ್ಮನ್ನs ಎತ್ತಿ ನೋಡ್ತೇನಿ" ಎಂದಳೋ, ಹಣೆಯ ಗಾಯದ ಗುರುತು ಮುಟ್ಟಿಕೊಳ್ಳುತ್ತಿದ್ದ. "ಬ್ಯಾಡ. ಮಳಲು ಚೆಲ್ಲಿದ್ರ ಬಳ್ಕೋಬೋದು."

ವರ್ಷ ಉರುಳಿತು. ನಸುಕಿನಲ್ಲಿ ಎದ್ದಾಗ ತೊಡೆ, ತೋಳು ಸಿಹಿಯಾಗಿ ನೋಯುತ್ತಿದ್ದವು. ತಾನು ಮಲಗಿದ ಹೊತ್ತಿನಲ್ಲಿ ಒಳಗೆ ಯಾವನೋ ಗೌಂಡಿ ಸದ್ದಿಲ್ಲದೆ ಕಲ್ಲು ಕೂಡಿಸಿ ಹೋಗಿದ್ದಾನೆ ಎನಿಸುತ್ತಿತ್ತು. ಅವನ ಮುಖ ಯಾರು ಕಂಡವರು? ಬಸಿರಾದಾಗಲೂ ಹೀಗೇ ಅಲ್ಲವೇ, ತಾನು ರೊಟ್ಟಿ ಬಡಿಯುತ್ತ ಕೂತಿದ್ದಾಗ ಒಳಗೆ ಕಣ್ಣು ಮೂಗು ತಿದ್ದುತ್ತಿದ್ದವನು ಇವನೇ ಇರಬೇಕು. ಅಂಥ ಹೊತ್ತಿನಲ್ಲಿ ಅವಳು ಜಗಲಿಗೆ ಕೈ ಮುಗಿದು, ಆಮೇಲೆ ತನ್ನದೇ ತೋಳಿಗೂ ಮೆಲ್ಲಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಈಗ ತಕ್ಕಡಿ ಬೇರೆಯೇ ಹೇಳುತ್ತಿತ್ತು.

ಏಳನೆಯ ಪೆಂಟಿ ಬಂತು. ಅಮಸಿದ್ದ ಅದನ್ನು ಹಣೆಗೆ ಮುಟ್ಟಿಸಿ ಇಟ್ಟ. ಪರಡಿ ಸಾವಕಾಶ ನೆಲ ಬಿಟ್ಟಿತು, ಎರಡೂ ಸಮನಾಗಿ ನಿಂತವು. ಭಂಡಾರ ಹಾರಿತು, ಡೊಳ್ಳಿನ ಮೇಲೆ ಒಂದು ಪೆಟ್ಟು ಬಿತ್ತು. ಶೇವಂತೆವ್ವ ಇಳಿದು ಗದ್ದಿಗೆಗೆ ತಲೆ ಹಚ್ಚಿದಳು. ಗೌಂಡಿ ಬಂದಿರಲೇ ಇಲ್ಲ. ಹಗೇವಿನ ಬಾಯಿಯನ್ನೂ ಯಾರೂ ತೆಗೆದಿರಲಿಲ್ಲ. ಮನೆಯವರು ಇನ್ನು ಎಂದೂ ಹೊಟ್ಟೆ ತುಂಬ ನೀರು ಕುಡಿಯುವುದಿಲ್ಲ. ಇಷ್ಟನ್ನೇ ಅವಳು ಸಿದ್ಧಪ್ಪನಿಗೆ ಹೇಳಿದಳು. ಬೇಡಲಿಕ್ಕೆ ಬೇರೆ ಏನೂ ಹೊಳೆಯಲಿಲ್ಲ.

ಹೊರಗೆ ಪಂಗತಿ ಕೂತಿತ್ತು. ಊರ ಗಂಡಸರೆಲ್ಲ ಎಲೆಯ ಮುಂದೆ. ಜೈನುದ್ದೀನ ತೋಳು ಮಡಚಿ, ಗೋದಿ ಹುಗ್ಗಿಯ ಬಕೀಟು ಹಿಡಿದು ಆ ತುದಿಯಲ್ಲಿ ನೀಡುತ್ತಿದ್ದ. ಅವಳು ಕಟ್ಟೆಯ ಹತ್ತಿರ ಬಂದಳು. ಸಿದ್ದರಾಯ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಹಣೆಯ ಮೇಲೆ ಬೆವರು. ಆ ಮುಖ ಅವಳಿಗೆ ಗೊತ್ತು.

"ಹೋಗಬೇಕೇನ್ರಿ?"

"ಜೈನೂ ಬರ್ಲಿ."

"ಅವರು ನೀಡಾಕತ್ಯಾರ."

"ಕಾಯ್ತೇನಿ ತಗೀ."

ಕಾಯುವವನ ಮುಖ ಅದಾಗಿರಲಿಲ್ಲ. ಇಷ್ಟು ಜನರ ನಡುವೆ, ಗುಡಿಯ ಮುಂದೆ. ಶೇವಂತೆವ್ವ ಪಂಗತಿಯ ಕಡೆ ಒಮ್ಮೆ ನೋಡಿದಳು. ಗಾಲಿ ಕುರ್ಚಿಯನ್ನು ತಂದು ಕಟ್ಟೆಗೆ ಹಚ್ಚಿ, ಗಾಲಿಗೆ ಬಿರಿ ಹಾಕಿದಳು. ಸೆರಗು ಎಳೆದು ಟೊಂಕಕ್ಕೆ ಸಿಗಿಸಿದಳು.

"ಶೇವಂತಿ, ಬ್ಯಾಡ. ಜನಾ ನೋಡಾಕತ್ಯಾರ. ಬಿದ್ದಗಿದ್ದೇವು."

"ಕೊರಳಿಗೆ ಕೈ ಹಾಕ್ರಿ."

"ಕೇಳಿಲ್ಲಿ, ತಕ್ಕಡಿ ಏನ್ ಹೇಳ್ತು ನೋಡಿದಿಲ್ಲ..."

"ತಕ್ಕಡಿ ಸುದ್ದಿ ಆಮ್ಯಾಲ. ಕೈ ಹಾಕ್ರಿ ಮದ್ಲ."

ಹಾಕಿದ. ಅವಳು ಪಾದ ಅಗಲಿಸಿ, ಮೊಣಕಾಲು ಮಡಚಿ, ಅವನ ಬೆನ್ನ ಹಿಂದೆ ಕೈಗೆ ಕೈ ಬಿಗಿದಳು. ಎದೆಗೆ ಅಪ್ಪಿದಳು. ಸಿದ್ಧಪ್ಪಾ ಎಂದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ತೊಡೆಗಳು ಒಮ್ಮೆ ನಡುಗಿದವು. ಆಮೇಲೆ ಅವಳ ಕೆಳಗಿನ ನೆಲವೇ ತನ್ನಷ್ಟಕ್ಕೆ ಮೇಲೆದ್ದಂತೆ ಅವನು ಎದ್ದ. ಹಮಾಲನ ಮೈ ಕಟ್ಟೆ ಬಿಟ್ಟು, ಸೋತ ಕಾಲು ಎರಡೂ ಇಳಿಬಿದ್ದು, ಗಾಳಿಯಲ್ಲಿ ನಿಂತಿತು. ತಾನು ನಿಂತಿದ್ದೇನೆ, ಮೊಣಕಾಲು ನಿಂತಿವೆ, ಅವನ ಎದೆ ತನ್ನ ಎದೆಗೆ ಬಡಿಯುತ್ತಿದೆ ಎಂಬುದು ಅವಳಿಗೆ ಒಂದೊಂದಾಗಿ ಗೊತ್ತಾಯಿತು. ಬೇಕಿದ್ದರೆ ಇನ್ನೂ ಒಂದು ಉಸಿರು ಹೀಗೇ ನಿಲ್ಲಬಹುದು ಎಂದೂ ಗೊತ್ತಾಯಿತು. ನಿಂತಳು. ಆಮೇಲೆ ಮೆಲ್ಲಗೆ ತಿರುಗಿ, ದೇವರ ಕೊಡ ಇಳಿಸಿದ ಹಾಗೆ ಅವನನ್ನು ಕುರ್ಚಿಯಲ್ಲಿ ಇಳಿಸಿದಳು.

ಪಂಗತಿಯಲ್ಲಿ ಕೈಗಳು ಎಲೆಯ ಮೇಲೇ ನಿಂತಿದ್ದವು. ಜೈನುದ್ದೀನ ಸೌಟು ಎತ್ತಿದವನು ಎತ್ತಿಯೇ ಇದ್ದ. ಹುಗ್ಗಿ ಅವನ ಕಾಲ ಮೇಲೆ ಬಿತ್ತು. "ಯಾ ಅಲ್ಲಾ..." ಎಂದ. ತಾಲೀಮಿನಲ್ಲಿ ಗುಂಡು ಎದೆ ದಾಟಿದಾಗ ಮಾಡುವಂತೆ ಬಲಗೈಯನ್ನು ನೆಲಕ್ಕೆ ಮುಟ್ಟಿಸಿ ಎದೆಗೆ ಮುಟ್ಟಿಸಿಕೊಂಡ. ಯಾರೂ ನಗಲಿಲ್ಲ.

ಅವಳು ಅತ್ತ ನೋಡದೆ ಕುರ್ಚಿ ತಳ್ಳಿಕೊಂಡು ಗುಡಿಯ ಹಿಂದಿನ ಪಾಯಖಾನೆಗೆ ಹೋದಳು. ಅಲ್ಲಿ ಮತ್ತೊಮ್ಮೆ ಎತ್ತಿದಳು, ಇಳಿಸಿದಳು.

ತಿರುಗಿ ಬೇವಿನ ನೆರಳಿಗೆ ಬಂದಾಗ ಸಿದ್ದರಾಯ ಅವಳ ರಟ್ಟೆ ಹಿಡಿದ. ಬಾಯಿ ಹೊಲಿದ ಚೀಲದೊಳಗೆ ಏನಿದೆ ಎಂದು ತಿಳಿಯಲು ಹಮಾಲರು ಒತ್ತಿ ನೋಡುವಂತೆ ಹೆಬ್ಬೆರಳಿನಿಂದ ಒತ್ತಿದ. ಒಂದು ಕಡೆ ಒತ್ತಿದ, ಸರಿಸಿ ಮತ್ತೊಂದು ಕಡೆ ಒತ್ತಿದ. ಅವನ ಕಣ್ಣು ದೊಡ್ಡವಾದವು.

"ಹತ್ತಿ ಚೀಲ ಖಾಲಿ ಆಗಾಕತ್ತೈತಿ ಅಂತ ತಿಳದಿದ್ದೆ ನಾ," ಎಂದ ಮೆಲ್ಲಗೆ. "ಇಕಿ ಕಡ್ಲಿ ತುಂಬಕೋತ ಕುಂತಾಳ. ಚೀಲ ಸಣ್ಣದಾದ್ರೂ ತೂಕ ಅದs!"

"ಸಾಕ ಬಿಡ್ರಿ, ಜನಾ ನೋಡ್ತಾರ," ಎಂದು ಅವಳು ಕೈ ಬಿಡಿಸಿಕೊಂಡಳು.

ಗುಡಿಯ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ನೀರಿನ ಹರವಿ ಇತ್ತು. ಸಿದ್ದರಾಯ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಒಂದ್ ತಂಬಿಗಿ ನೀರ್ ತಾ," ಎಂದ.

ಅವಳು ತಂದಳು. ಅವನು ಎರಡೂ ಕೈಯಿಂದ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ, ಎತ್ತಿ ಕುಡಿಯತೊಡಗಿದ. ಗಂಟಲ ಮಣಿ ಏರಿತು, ಇಳಿಯಿತು, ಏರಿತು. ನೀರು ಗಲ್ಲದ ಮೇಲಿಂದ ಹರಿದು ಅಂಗಿಯ ಮೇಲಿನ ಭಂಡಾರವನ್ನು ತೋಯಿಸಿತು. ತಳದ ಹನಿಯನ್ನೂ ಬಾಯಿಗೆ ಬಿಟ್ಟುಕೊಂಡು, ಸೀಳಿದ ತುಟಿಯನ್ನು ನಾಲಿಗೆಯಿಂದ ಸವರಿ, ಖಾಲಿ ತಂಬಿಗೆಯನ್ನು ಮತ್ತೆ ಅವಳ ಕಡೆ ಚಾಚಿದ.