ಅನಸೂಯ ಟೀಚರಿಗೆ ಬಾರದ ಪ್ರಶಸ್ತಿ

ಪ್ರಭಾಕರ ಅಂಕಲ್ ಕೈಯಿಂದ ತಾರಿಣಿ ಅಮ್ಮನ ಬಗ್ಗೆ ಓದಲಿದ್ದ ಭಾಷಣದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡಳು. ಅಂತಿಮ ದರ್ಶನಕ್ಕೆ ಬಂದವರಿಂದ ಫ್ಯೂನರಲ್ ಹೋಮಿನ ಹಾಲ್ ಆಗಲೇ ತುಂಬಿತ್ತು.

"ಅಂಕಲ್, ಅಮ್ಮನಿಗೆ ನ್ಯಾಷನಲ್ ಅವಾರ್ಡ್ ಯಾವತ್ತೂ ಬಂದಿಲ್ಲ."

"ಇದನ್ನ ಎಐ ಬರ್ಕೊಟ್ಟಿದ್ದಮ್ಮ. ಒಳ್ಳೇದೇ ಹೇಳಿದೆಯಲ್ಲ, ಬಿಡು. ಇವತ್ತು ಯಾರು ಚೆಕ್ ಮಾಡ್ತಾರೆ?"

"ನಾನು ಮಾಡ್ತೀನಿ. ಇದನ್ನ ಓದಬೇಡಿ, ಪ್ಲೀಸ್."

ಅಂಕಲ್ ಮುಖ ಸಣ್ಣದಾಯಿತು. ತಾರಿಣಿಯ ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿಯನಂತೆ ನಿಂತವರು ಅವರೇ. "ಹಾಗಾದ್ರೆ ನೀನೇ ಮಾತಾಡು," ಎಂದರು. ತಾರಿಣಿ ಹಾಳೆಯನ್ನು ಮಡಿಚಿಕೊಂಡು ಮೈಕಿನತ್ತ ನಡೆದಳು.

*

ತಾರಿಣಿಯ ಅಮ್ಮ ಅನಸೂಯ ಅಮೆರಿಕದ ಐಸೆಲಿನ್ ಊರಿನ ಹತ್ತಿರದ ಶಾಲೆಯೊಂದರಲ್ಲಿ ಲೈಬ್ರರಿಯನ್ ಆಗಿದ್ದರು. ವರ್ಷಗಳ ಹಿಂದಿನ ಒಂದು ಚಳಿಗಾಲ, ಅಲ್ಲಿನ ಜಗದೀಶರ ದಿನಸಿ ಅಂಗಡಿಯದೆಂದು ಒಂದು ವಿಡಿಯೊ ಎಲ್ಲರ ಫೋನಿಗೂ ಬಂತು: ಅಕ್ಕಿ ಮೂಟೆಗಳ ಮೇಲೆ ಇಲಿಗಳು. ಗಿರಾಕಿಗಳು ಅಂಗಡಿಯತ್ತ ಸುಳಿಯುವುದನ್ನೇ ಬಿಟ್ಟರು. ಎಂಟನೇ ಕ್ಲಾಸಿನ ಅನಿಕಾ ಅದನ್ನು ಲೈಬ್ರರಿಯಲ್ಲೂ ತೋರಿಸುತ್ತಿದ್ದಳು.

"ಇದು ಅದೇ ಅಂಗಡಿ ಅಂತ ನಿಂಗೆ ಹೇಗೆ ಗೊತ್ತು?" ಅನಸೂಯ ಕೇಳಿದರು.

"ಎವ್ರಿಬಡಿ ನೋಸ್!"

"ಮೊದಲು ಯಾರಿಗೆ ಗೊತ್ತಾಯ್ತು? ಅವರನ್ನ ಹುಡುಕು."

ಅಲ್ಲಿಂದ ಪಾಠ ಶುರುವಾಯಿತು. ಮಕ್ಕಳು ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು, ಹಳೆಯ ಪೋಸ್ಟುಗಳನ್ನು ಕೆದಕಿದರು, ಅಂಗಡಿಗೇ ಹೋಗಿ ನೆಲದ ಫೋಟೊ ತೆಗೆದು ಹೋಲಿಸಿದರು. ಓದುವ ಸಮಯ ಹಾಳೆಂದು ಪೋಷಕರು ದೂರಿದರು. ಉತ್ತರ ನೀವೇ ಹೇಳಿ ಮುಗಿಸಿಬಿಡಿ ಎಂದರು ಪ್ರಿನ್ಸಿಪಾಲ್. ಅನಸೂಯ ಜಗ್ಗಲಿಲ್ಲ.

"ಉತ್ತರ ನನಗೂ ಗೊತ್ತಿಲ್ಲ. ಇಲಿ ಇರೋದು ನಿಜವಾದ್ರೆ ಅದನ್ನೂ ಮಕ್ಕಳೇ ಕಂಡುಹಿಡೀಲಿ."

ಕೊನೆಗೆ ಮೂಲ ಹಿಡಿದವಳು ಅನಿಕಾಳೇ. ಬೇರೆ ದೇಶದ ಯಾವುದೋ ಗೋದಾಮು, ಯಾವತ್ತಿನದೋ ವಿಡಿಯೊ. ಅವಳು ಜಗದೀಶರ ಅಂಗಡಿಗೆ ಹೋಗಿ, ಗಲ್ಲಾದ ಎದುರು ತಲೆತಗ್ಗಿಸಿ ನಿಂತಳು. ಮರುದಿನದಿಂದ ಕಂಡವರಿಗೆಲ್ಲ ಪುರಾವೆ ತೋರಿಸಿದಳು.

*

"ಅಮ್ಮನಿಗೆ ಯಾವ ಪ್ರಶಸ್ತೀನೂ ಬರಲಿಲ್ಲ," ತಾರಿಣಿ ಮೈಕಿನಲ್ಲಿ ಹೇಳಿದಳು. "ಅಮ್ಮ ಏನು ಮಾಡಿದ್ರು ಅಂತ ಕಣ್ಣಾರೆ ನೋಡಿದವರು ಹೇಳಿ."

ಹಿಂದಿನ ಸಾಲಿನಿಂದ ಜಗದೀಶ್ ಎದ್ದರು. "ನನ್ನ ಅಂಗಡಿ ಇವತ್ತೂ ಬಾಗಿಲು ತೆಗ್ದಿದೆ ಅಂದ್ರೆ, ಈ ತಾಯಿಯಿಂದ." ಅಷ್ಟು ಹೇಳಿ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿದ್ದ ತರುಣಿ ಅವರ ತೋಳು ಹಿಡಿದು ಎದ್ದಳು. ಈಗ ಪತ್ರಿಕೆಯೊಂದರ ವರದಿಗಾರ್ತಿಯಾಗಿರುವ ಅನಿಕಾ. ಉಳಿದದ್ದನ್ನು ಅವಳು ಹೇಳಿದಳು. ಪ್ರಭಾಕರ ಅಂಕಲ್ ಮುಂದಕ್ಕೆ ಬಾಗಿ ಕೇಳಿದರು.

ಶವ ಸುಡುವ ಕ್ರಿಮಟೋರಿಯಂನಲ್ಲಿ ಅಲ್ಲಿನ ನೌಕರ ಎಲ್ಲವೂ ಸರಿಯಾಗಿದೆಯೆಂದು ಹೇಳಿ ದಹನದ ಬಟನ್ ತೋರಿಸಿದ. ತಾರಿಣಿ ಕೂಡಲೇ ಒತ್ತಲಿಲ್ಲ. ಶವಪೆಟ್ಟಿಗೆಯ ಬಳಿ ಬಗ್ಗಿ, ಮಂಜಾದ ಕನ್ನಡಕ ಒರೆಸಿಕೊಂಡು, ಅದಕ್ಕೆ ಅಂಟಿಸಿದ್ದ ಚೀಟಿಯ ಮೇಲಿದ್ದ ಅಮ್ಮನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಆಮೇಲೆ ಬಟನ್ನಿನ ಮೇಲೆ ಬೆರಳಿಟ್ಟಳು.