ಚೀಲದೊಳಗಿನ ಸಂಜೆಮಲ್ಲಿಗೆ

ಗಂಟು ಬಿಗಿದಾದ ಮೇಲೆ ಚೀಲದೊಳಗೆ ಏನೋ ಪಟಪಟಿಸಿತು.

ಪತಂಗ. ಅವಳ ಬೆರಳುಗಳು ದಾರದ ಮೇಲೇ ನಿಂತವು. ಸಂಜೆಮಲ್ಲಿಗೆ ಬಿರಿಯುವ ಮುಂಚೆಯೇ ಗಿಡಕ್ಕೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಪತಂಗ ಮುಟ್ಟದ ಹೂವು ಬೀಜ ಕಟ್ಟುತ್ತದೆಯೋ ಇಲ್ಲವೋ ನೋಡಬೇಕು. ಸಂಶೋಧನಾ ತೋಟದಲ್ಲಿ ಅವಳಿಗೆ ಸಂಬಳ ಅದಕ್ಕೇ. ಇವತ್ತು ಮನಸ್ಸು ಮನೆಯಲ್ಲಿತ್ತು. ಕೊನೆಯ ಗಿಡಕ್ಕೆ ಬರುವಷ್ಟರಲ್ಲಿ ಹೂವುಗಳೆಲ್ಲ ಅರಳಿ ಕಂಪು ಬಿಟ್ಟಿದ್ದವು.

“ಏನಮ್ಮಾ, ಇವತ್ತು ಕಾಲು ನೆಲದ ಮೇಲೆ ನಿಲ್ತಿಲ್ಲ? ಮನೇಲಿ ನೆಂಟ್ರಾ?” ಪಕ್ಕದ ಸಾಲಿನಿಂದ ಮೇಲಧಿಕಾರಿ ಕೇಳಿದರು.

“ಇಲ್ಲ ಸರ್. ನಮ್ಮನೆಯವರು ಇದಾರೆ.”

“ಅವರೂ ನಿಂಗೆ ನೆಂಟ್ರೇ ಬಿಡು.”

ಅವಳು ನಕ್ಕಳು. ನಗಬೇಕಾದ ಕಡೆ ನಗುವುದು ರೂಢಿಯಾಗಿತ್ತು.

ಗಂಡ ಪತ್ರಿಕೆಯೊಂದರ ರಾತ್ರಿಪಾಳಿಯವನು. ಅವಳು ಮನೆ ಸೇರುವ ಹೊತ್ತಿಗೆ ಅವನು ಹೊರಟಿರುತ್ತಾನೆ. ಅವನು ಬಂದು ಮಲಗುವಾಗ ಹಾಸಿಗೆಯಲ್ಲಿ ಅವಳ ಬಿಸಿಯಷ್ಟೇ ಉಳಿದಿರುತ್ತದೆ. ಒಂದು ಸಂಜೆ, ಒಂದೇ ಒಂದು ಸಂಜೆ ರಜೆ ಹಾಕಿ ಎಂದು ಗೋಗರೆದಿದ್ದಳು. ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎಂದಿದ್ದಳು. ಎಲ್ಲ ಅಂದರೆ ಏನು ಎಂದು ಅವನು ಕೇಳಿರಲಿಲ್ಲ. ಸದ್ಯ.

ಗಂಟು ಬಿಚ್ಚಿ ಕೂತರೆ ಬಸ್ಸು ತಪ್ಪುತ್ತದೆ. ಬೆಳಿಗ್ಗೆ ನೋಡಿಕೊಂಡರಾಯಿತು. ಒಳಗೆ ಬೇಕಾದಷ್ಟು ಹೂವಿದೆ, ಅದಕ್ಕೇನು ಕಮ್ಮಿ ಎಂದುಕೊಂಡು ಓಡಿದಳು.

ಬಾಗಿಲು ತೆರೆದವನು ರಜೆ ಹಾಕಿದ್ದರೂ ಆಫೀಸಿನ ಅಂಗಿಯನ್ನೇ ತೊಟ್ಟಿದ್ದ.

“ಬಂದ್ಯಾ?”

“ಹ್ಞೂಂ. ಕಾಫಿ ಮಾಡ್ಲಾ?”

“ಆಗ್ಲೇ ಕುಡಿದೆ. ಏನೋ ಮಾತಾಡ್ಬೇಕು ಅಂದಿದ್ಯಲ್ಲ, ಹೇಳು.”

ದಿನಗಟ್ಟಲೆ ಮಾತು ಜೋಡಿಸಿಟ್ಟಿದ್ದವಳು ತಿರುಗಿ ಬಾಗಿಲ ಚಿಲಕ ಹಾಕಿದಳು.

“ಏನಿಲ್ಲ, ಸುಮ್ನೆ.”

“ಸುಮ್ನೆ?”

“ಕೂತ್ಕೊಳ್ರೀ.”

ಅವನು ಕೂತ. ಎದ್ದ. ಸೋರದ ನಲ್ಲಿಯನ್ನು ಬಿಗಿ ಮಾಡಿ ಬಂದ. ಕ್ಯಾಲೆಂಡರಿನ ಹಾಳೆ ಎತ್ತಿ ಮುಂದಿನ ತಿಂಗಳು ನೋಡಿದ. ಬಾಗಿಲ ತನಕ ಹೋಗಿ, ಅವಳು ಹಾಕಿದ್ದ ಚಿಲಕವನ್ನು ನೋಡಿ ತಿರುಗಿದ.

“ಸೆಕೆ, ಅಲ್ವಾ?”

“ಹೌದು.”

ಹೋಗಬೇಕಾದರೆ ಹೋಗಿ ಎಂಬ ಮಾತು ನಾಲಗೆಯ ತುದಿಗೆ ಬಂತು. ಅವಳು ಬೆರಳಿಗೆ ಹತ್ತಿದ್ದ ಹಳದಿ ಪರಾಗವನ್ನು ಸೆರಗಿಗೆ ಒರೆಸಿದಳು, ಅದು ಹೋಗಲಿಲ್ಲ.

ಹೊರಗೆ ಕತ್ತಲಾಗುತ್ತಿತ್ತು. ಅವನು ಕಿಟಕಿಯ ಸೊಳ್ಳೆಬಲೆಗೆ ಎರಡೂ ಅಂಗೈ ಒತ್ತಿ ನಿಂತಿದ್ದ. ಬಲೆಯ ಮೇಲೆ ಅವನ ಬೆರಳುಗಳು ಸಣ್ಣಗೆ ಪಟಪಟಿಸುತ್ತಿದ್ದವು.