ಹೊತ್ತು ಮುಳುಗುವುದರೊಳಗೆ ಒಂದು ಬಾಗಿಲು

ಕೊನೆಯ ಸ್ಕ್ರೂ ನೆಲಕ್ಕೆ ಬಿತ್ತು. ಬಾಗಿಲು ಕುಂಥುನಾಥರ ಹೆಗಲ ಮೇಲೆ ಬಿತ್ತು.

ಅವರು ನಿಂತಿದ್ದ ಸ್ಟೂಲು ಹೌಸಾಬಾಯಿಯದು. ಅದು ಅಲುಗದಂತೆ ಕಾಲಿನಿಂದ ಒತ್ತಿ ಹಿಡಿದವಳೂ ಅವಳೇ.

“ಹೇಳಿದ್ನೆಲ್ರಿ ಸಾವ್ಕಾರ್ರ, ಇದಕ್ಕ ಇಬ್ಬರು ಬೇಕು ಅಂತ.”

“ಈಗ ಶಾಣ್ಯಾತನ ಬ್ಯಾಡ. ಒಂಚೂರ ಹಿಡಿ.”

ಹೌಸಾಬಾಯಿ ಬಾಗಿಲು ಹಿಡಿಯಲಿಲ್ಲ. ಇಚಲಕರಂಜಿಯಲ್ಲಿ ಕುಂಥುನಾಥರ ಮನೆಯ ಕೆಳಗಿನ ಈ ಒಂದೇ ಕೋಣೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಬಾಡಿಗೆಗಿದ್ದಾಳೆ. ಹಗಲು ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುತ್ತಾಳೆ, ಸಂಜೆ ಇಲ್ಲಿ ರೊಟ್ಟಿ ಬಡಿಯುತ್ತಾಳೆ. ಈಗ ಕುಂಥುನಾಥರ ಮಗ ಹರ್ಷದನಿಗೆ ಇದೇ ಜಾಗದಲ್ಲಿ ಹೊಸ ಮಗ್ಗ ಹಾಕಬೇಕು. ಎಂಟು ದಿನದಲ್ಲಿ ಖಾಲಿ ಮಾಡು ಎಂದು ಅವರು ಮೆಟ್ಟಿಲ ಮೇಲಿಂದಲೇ ಹೇಳಿ ಹೋಗಿದ್ದರು. ನೋಟಿಸು ಬರೆದು ಕೊಡಿ ಎಂದು ಅವಳು ಕೇಳಿದಳು. ಒಂಬತ್ತನೆಯ ದಿನ ಅವರು ಸ್ಕ್ರೂಡ್ರೈವರ್ ಹಿಡಿದು ಬಂದರು. ಬಾಗಿಲೇ ಇಲ್ಲದ ಮನೆಯಲ್ಲಿ ಯಾರು ಇರುತ್ತಾರೆ ಎಂದುಕೊಂಡಿದ್ದರು.

ಬಾಗಿಲಿನ ಭಾರ ಮರೆತಿದ್ದರು. ಅಜ್ಜ ಮುರಗೂಡದ ಹಳೆಯ ವಾಡೆಯಿಂದ ತಂದ ಸಾಗವಾನಿ. ಬಿಟ್ಟರೆ ಸೀಳುತ್ತದೆ, ಹಿಡಿದೇ ಇದ್ದರೆ ಇಳಿಯುವಂತಿಲ್ಲ.

ಮಹಡಿಯಿಂದ ಹೆಂಡತಿ ಮಾಣಿಕಬಾಯಿ ಕೂಗಿದರು. “ಅಹೋ, ತಾಟ ಹಾಕೇನಿ. ಹೊತ್ತ ಮುಳಗಾಕ ಬಂತು.”

ಜೈನರಾದ ಕುಂಥುನಾಥರು ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟುವವರಲ್ಲ. ಓಣಿಯ ಬಿಸಿಲು ಆಗಲೇ ನೀರಿನ ಟಾಕಿಯ ನೆತ್ತಿಗೇರಿತ್ತು.

“ಇವತ್ತ ಏನ ಅಡಗಿರೀ ವೈನಿ?” ಹೌಸಾಬಾಯಿ ಕತ್ತೆತ್ತಿ ಕೇಳಿದಳು.

“ಹೋಳಿಗಿ, ಕಟ್ಟಿನ ಸಾರು. ಇವರ ಎಲ್ಲಿ ಅದಾರ?”

“ನಮ್ಮ ಬಾಗಲಾ ಹೊತ್ಕೊಂಡ ನಿಂತಾರ್ರಿ.”

ಮೇಲೆ ನಗು ಕೇಳಿಸಿತು.

“ಹೌಸಾ, ಇನ್ನೊಂದ ತಿಂಗಳ ಇರು. ಹಿಡಿ.”

“ಬರದ ಕೊಡ್ರಿ.”

“ನನ್ನ ಕೈ ಖಾಲಿ ಅದಾವೇನ?”

“ಖಾಲಿ ಆದ ಮ್ಯಾಲ ಬರೀರಿ. ಮೊದಲ ನೋಟಿಸ, ಆಮ್ಯಾಲ ಕೋರ್ಟ. ಹಾತಕಣಂಗಲೆ ವಕೀಲರು ಹೇಳ್ಯಾರ. ಕೋರ್ಟ ಹೇಳೂ ಮಟಾ ನಾ ಇಲ್ಲೇ, ಈ ಬಾಗಲಾನೂ ಇಲ್ಲೇ.”

“ವಕೀಲಗ ಹೋಳಿಗಿ ಆರೋದು ಗೊತ್ತೈತೇನ?”

“ಅದನ್ನ ಕೇಳಲಿಲ್ರಿ.”

ಟಾಕಿಯ ನೆತ್ತಿಯ ಬಿಸಿಲು ಎಳೆಯಷ್ಟಾಯಿತು. ಕುಂಥುನಾಥರ ಹೊಟ್ಟೆ ಗುರುಗುಟ್ಟಿತು, ಅವಳಿಗೂ ಕೇಳಿಸಿತು.

“ದೀಪಾವಳಿ ಮಟಾ ಇರು,” ಎಂದರು. “ಬಾಗಲಾನೂ ನಾನ ಕೂಡಸ್ತೇನಿ. ನನ್ನ ಮಾತ ಅಂದ್ರ ಮಾತ. ಕಾಗದ ಯಾಕ ಬೇಕ ನಿನಗ? ಹಿಡೀ ಈಗ.”

ಹೌಸಾಬಾಯಿ ಸ್ಟೂಲಿನ ಮೇಲಿನ ಕಾಲು ತೆಗೆಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಒಲ್ಲೆನ್ರಿ.”